ಸಾಸಿವೆಯಷ್ಟು

ಸುಗಲಾಬಾಯಿ ಕಲಶೆಟ್ಟಿ, ಕಂಡಕ್ಟರ್, ಅಕ್ಕಲಕೋಟ ಡಿಪೊ.
ಮೈಂದರಗಿಯಲ್ಲಿ ಇಳಿಯುವಾಗ ಮೆಟ್ಟಿಲು ಇತ್ತು, ಕಾಲು ಇರಲಿಲ್ಲ
ಎಂದು ತಾನೇ ಹೇಳಿ ನಕ್ಕಳು,
ಹರಡು ಮೂರು ಚೂರಾಗಿ ಚರ್ಮದೊಳಗೆ ಕುಲುಕುತ್ತಿದ್ದಾಗ.

ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು,
ಸಿಸ್ಟರ್ ಯೆಮುಲ್ ಮರಾಠಿಯಲ್ಲಿ ಕೇಳಿದರು.
ಎಂಟು ಎಂದಳು, ಮರಾಠಿಯಲ್ಲೇ, ಚಿಲ್ಲರೆ ಎಣಿಸಿ ಕೊಟ್ಟ ಹಾಗೆ.
ಆಮೇಲೆ ನನ್ನ ಮಾತು ಯಾವುದೆಂದು ತಿಳಿದು
ಇತ್ತ ತಿರುಗಿ ಬಿಡಿಸಿ ಹೇಳಿದಳು:
‘ಮೊದಲ ಸೆಳಕ್ರೀ. ಆಮ್ಯಾಗ ಉರುಪು.
ನಡುವ ಒಂಥರಾ ಜಗ್ತದ,
ಯಾರೋ ಹಗ್ಗಾ ಹಾಕಿ ಬಾವ್ಯಾಗಿಂದ ಕೊಡಾ ಎಳದಂಗ.’
ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಎಂಟು ಎಂದೇ ಬರೆದೆವು.

ಮೊಣಕಾಲಿನ ಹಿಂದೆ, ಪರದೆಯ ಬೂದಿಬಣ್ಣದಲ್ಲಿ
ನರ ಕಾಣುತ್ತದೆ, ಸಣ್ಣದೊಂದು ಜೇನುಹುಟ್ಟು.
ಅದನ್ನು ಚುಚ್ಚಬಾರದು. ಪಕ್ಕದಲ್ಲಿ ಸೂಜಿ ನಿಲ್ಲಿಸಿ
ಮದ್ದು ಬಿಟ್ಟರೆ ಸುತ್ತಲೂ ಕಪ್ಪು ಹರಡಿ
ಹುಟ್ಟು ತೇಲುತ್ತದೆ.
ಇದ್ದಲ್ಲೇ ಇದ್ದು ಕಾಲು ಪರಸ್ಥಳವಾಗುತ್ತದೆ.

ಬರೀ ಈ ಮದ್ದಾದರೆ ರಾತ್ರಿ ಎರಡಕ್ಕೋ ಮೂರಕ್ಕೋ ಬಿಡುತ್ತದೆ.
ಆ ಹೊತ್ತು ನನಗೆ ಗೊತ್ತು.
ವಾರ್ಡಿಗೆಲ್ಲ ಒಂದೇ ಟ್ಯೂಬ್‌ಲೈಟು,
ಒಮ್ಮೆಗೇ ಮರಳಿದ ಕಾಲು,
ತಲೆದಿಂಬು ಕಚ್ಚುವ ಗಂಡಸರು.
ಅದಕ್ಕೇ ಇನ್ನೊಂದನ್ನು ಬೆರೆಸುತ್ತೇನೆ.
ಅಫೀಮಿನ ವಂಶದ್ದು. ಚೂರೇ ಚೂರು.
ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ನೂರೈವತ್ತು.
ಉಳಿದರ್ಧ ಸಿಂಕಿಗೆ.
ಬಳಸಿದ್ದು ಇಷ್ಟು, ಚೆಲ್ಲಿದ್ದು ಇಷ್ಟು,
ಪುಸ್ತಕದಲ್ಲಿ ಇಬ್ಬರ ಸಹಿ.

ಆಂಪ್ಯೂಲಿನ ಕತ್ತು ಮುರಿಯುವಾಗ ಪ್ರತಿಸಲ
ಬೌರವ್ವಜ್ಜಿಯ ಕಿರುಬೆರಳು ನೆನಪಾಗುತ್ತದೆ.

ಸೊಲ್ಲಾಪುರದ ಮಿಲ್ಲಿನ ಭೋಂಗಾ ಕೂಗುವ ಮೊದಲು
ಕರಿ ಗುಳಿಗೆಯನ್ನು ಎದೆಹಾಲಲ್ಲಿ ತೇಯ್ದು
ಸಾಸಿವೆಯಷ್ಟು ಬೆರಳ ತುದಿಗೆ,
ಬೆರಳು ಕೂಸಿನ ಬಾಯಿಗೆ.
ಓಣಿಯ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರಂತೆ.
ಸಂಜೆತನಕ ಜೋಳಿಗೆ ತೊಟ್ಟಿಲುಗಳು
ಅಳದೆ ತೂಗುಬಿದ್ದಿರುತ್ತಿದ್ದವಂತೆ.
ಒಂದು ದಿನ ಎರಡು ಪಾಳಿ ಬಂತು.
ಒಂದು ಸಾಸಿವೆಗೆ ಇನ್ನೊಂದು.
ಅಪ್ಪನಿಗಿಂತ ಮೊದಲು ಮಲಕಾರಿ ಎಂಬ ಮಗನಿದ್ದ
ಎಂದಷ್ಟೇ ಮನೆಯಲ್ಲಿ ಹೇಳುತ್ತಾರೆ.
ಅಜ್ಜಿ ಕೊನೆತನಕ ಸಾಸಿವೆ ಡಬ್ಬಿ ಮುಟ್ಟಲಿಲ್ಲ.
ಒಗ್ಗರಣೆ ಯಾವತ್ತೂ ಅವ್ವನದೇ.

ನನ್ನ ಲೆಕ್ಕ ಬೇರೆ. ತೂಕ ನೋಡಿದ್ದೇನೆ, ವಯಸ್ಸು ನೋಡಿದ್ದೇನೆ,
ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿಸಿದ್ದೇನೆ.
ಇಷ್ಟೆಲ್ಲ ಗೊತ್ತಿದ್ದೂ ಹನ್ನೊಂದಕ್ಕೆ ವಾರ್ಡಿಗೆ ಹೋದೆ.
ವಾಂತಿ ಮಾಡಿಕೊಂಡಿದ್ದಳು. ಮೂಗು ತುರಸ್ತದ ಎಂದಳು.
ಅದು ಆ ಮದ್ದು ಕೇಳುವ ಸುಂಕ.
ವಾಂತಿಗೊಂದು ಇಂಜೆಕ್ಷನ್ ಕೊಡಿಸಿ ಅಲ್ಲೇ ಕೂತೆ.

ಎರಡಾಯಿತು. ಮೂರಾಯಿತು.
ತಟ್ಟೆ ಕೂರಿಸಿ ಏಳು ಸ್ಕ್ರೂ ಬಿಗಿದ ಕಾಲಿನ ಪಕ್ಕ
ಅವಳು ನಿದ್ದೆಯಲ್ಲಿದ್ದಳು.
ಯಂತ್ರದಲ್ಲಿ ಅಂಕಿ ಇತ್ತು, ಆದರೂ
ಹೊದಿಕೆ ಏರಿಳಿಯುವುದನ್ನೇ ಎಣಿಸಿದೆ, ಕೈಗಡಿಯಾರ ಹಿಡಿದು:
ಹದಿನಾಲ್ಕು. ಮತ್ತೆ ಹದಿನಾಲ್ಕು. ಹದಿಮೂರು.
ಯಾಕೆ ಎಂದು ಸಿಸ್ಟರ್ ಯೆಮುಲ್ ಕೇಳಲಿಲ್ಲ.
ಚಹಾ ತಂದಿಟ್ಟರು.

ಬೆಳಗ್ಗೆ ಏಳಕ್ಕೆ ಕಣ್ಣು ಬಿಟ್ಟಳು.
ಕಾಲನ್ನು ಕೈಯಿಂದ ತಟ್ಟಿ ನೋಡಿದಳು,
ಸೀಟಿನ ಕೆಳಗೆ ಯಾರೋ ಬಿಟ್ಟುಹೋದ ಗಂಟನ್ನು ತಟ್ಟುವಂತೆ.
‘ನಾ ಬಂದೀನ್ರೀ ಡಾಕ್ಟರ,
ಕಾಲು ಹಿಂದಿನ ಗಾಡ್ಯಾಗ ಅದ.’

ಹತ್ತೂವರೆಗೆ ಬಂತು.
ನಾಲ್ಕು ಎಂದಳು, ಆಮೇಲೆ ಐದು.
ಗುಳಿಗೆ ಬರೆದುಕೊಟ್ಟೆ.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು.
ಎಣ್ಣೆ ಕಾಯ್ದು ಸಾಸಿವೆ ಬಿತ್ತು, ಸದ್ದಿಲ್ಲ.
ಅದು ಸಿಡಿಯುವತನಕ
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತೆ.