ನಂಬರ್ ನಲವತ್ತೊಂದು

ಧಾರವಾಡದಲ್ಲಿ ನಮಗೆ ಪ್ರಾಕ್ಟಿಕಲ್ಲು ಎಂದರೆ
ಮೊದಲು ದಾವಲಸಾಬನ ಕೆಮ್ಮು,
ಆಮೇಲೆ ಅವನ ಬೀಗದ ಕೈಗೊಂಚಲು,
ಆಮೇಲೆ ಕಲ್ಲು.

ಮರದ ತಟ್ಟೆಯಲ್ಲಿ ಹತ್ತಿ ಹಾಸಿ ಮಲಗಿಸಿದ್ದ,
ಬಾಣಂತಿ ಕೋಣೆಯ ಕೂಸುಗಳ ಹಾಗೆ.
ಬೆನ್ನಿಗೊಂದು ಬಿಳಿ ಚುಕ್ಕೆ, ಚುಕ್ಕೆಯೊಳಗೆ ನಂಬರು.
ಹೆಸರಿರಲಿಲ್ಲ. ಹೆಸರು ಹಚ್ಚುವುದು ನಮ್ಮ ಪಾಲು.

"ಬಣ್ಣಾ ನೋಡಿ ಮಳ್ಳಾಗಬ್ಯಾಡ್ರಿ ತಂಗಿ,
ಬಣ್ಣ ಅಂದ್ರ ಮಂದಿ ಮುಂದ ಉಟಗೊಂಡಿದ್ದು.
ಗೆರಿ ಎಳದು ನೋಡ್ರಿ."
ಹೀಗೆಂದು ಬಚ್ಚಲ ಗೋಡೆಗೆ ಹಚ್ಚಿ ಉಳಿದ
ಟೈಲ್ಸಿನ ಒರಟು ಬೆನ್ನು ಕೈಗಿಟ್ಟ.

ಉಕ್ಕಿನಂತೆ ಕರ್ರಗಿದ್ದುದನ್ನು ಎಳೆದೆ,
ಕುಂಕುಮದ ಗೆರೆ.
ಬಂಗಾರದಂತೆ ಮಿನುಗಿದ್ದನ್ನು ಎಳೆದೆ,
ಕಾಡಿಗೆ.
ಎರಡೂ ಬೆರಳಿಗೆ ಹತ್ತಿದವು,
ಮಧ್ಯಾಹ್ನ ರೊಟ್ಟಿಗೂ.

ಉಗುರಿಗೇ ಸೋತದ್ದು ಬಳಪದ ಕಲ್ಲು;
ಒಂದನೇತ್ತೆಯಲ್ಲಿ ಅದನ್ನೇ ಕದ್ದು ತಿಂದು
ಬೈಸಿಕೊಂಡಿದ್ದೆ.
ತಾಮ್ರದ ದುಡ್ಡಿಗೆ ಒಂದು, ಚಾಕುವಿಗೆ ಇನ್ನೊಂದು
ಸೋಲುತ್ತ ಹೋದವು.
ಬೆಣಚುಕಲ್ಲು ಮಾತ್ರ ಗಾಜನ್ನೇ ಗೀರಿ
ಏನೂ ಆಗದವರ ಹಾಗೆ ಕೂತಿತು.
ಕಾಗೆಬಂಗಾರ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತು,
ಕೊನೆಯ ಹಾಳೆಯಲ್ಲೂ ಓದಲು ಏನಿರಲಿಲ್ಲ.

ಅಣ್ಣಿಗೇರಿ ಮೇಡಂ ಹೇಳಿದರು:
ವರ್ಗೀಕರಣವೆಂದರೆ ಅಡ್ಡಹೆಸರು ಕೇಳಿದ ಹಾಗೆ.
ಕಬ್ಬಿಣ ನಮ್ಮ ಓಣಿಯ ಹುಡುಗಿ ಅಂತಿಟ್ಟುಕೊಳ್ಳಿ,
ಆಮ್ಲಜನಕದ ಮನೆಗೆ ಕೊಟ್ಟರೆ ಹೆಮಟೈಟು,
ಗಂಧಕದ ಮನೆಗೆ ಕೊಟ್ಟರೆ ಪೈರೈಟು.
ಸುಣ್ಣದ ಮನೆಯವರಿಗೆ ಆಸಿಡ್ಡಿನ ಒಂದು ಹನಿ ಸಾಕು,
ನೊರೆ ಕಾರಿ ಜಗಳಕ್ಕೆ ಬರುತ್ತಾರೆ.
ಸಿಲಿಕಾದವರದು ದೊಡ್ಡ ಮನೆತನ,
ಭೂಮಿಯ ಮೇಲ್ಪದರದ ಉತಾರೆಲ್ಲ
ಹೆಚ್ಚುಕಡಿಮೆ ಅವರ ಹೆಸರಿಗೇ.

ಎಲ್ಲರೂ ನಕ್ಕರು. ನಾನು ಜರ್ನಲ್ಲಿನೊಳಗೆ ಮುಖ ಹುದುಗಿಸಿದೆ.
ನನ್ನ ಅಡ್ಡಹೆಸರು ಜಾಲಗಾರ.
ಹಾಜರಿ ಕೂಗುವಾಗ ಅದರ ಮುಂದೆ
ಒಂದು ಉಸಿರಿನಷ್ಟು ತಡ ಇದ್ದೇ ಇರುತ್ತಿತ್ತು.

ದುರಗವ್ವ ಆಯಿ ಡೋಣಿಯ ಹಳ್ಳದಲ್ಲಿ
ಮಳೆ ನಿಂತ ಮರುದಿನ ಮೊಣಕಾಲುದ್ದ ನಿಂತು
ಮರಿಗೆಯಲ್ಲಿ ಉಸುಕು ತಿರುವುತ್ತಿದ್ದಳು.
ಕಪ್ಪತಗುಡ್ಡ ಇಳಿಸಿ ಕಳಿಸಿದ್ದರಲ್ಲಿ
ಹಗುರಾದದ್ದು, ಥಳಕಿನದು, ನೀರಿನ ಬೆನ್ನು ಹತ್ತಿ ಹೋಗಿ
ತಳಕ್ಕೆ ಉಳಿಯುವುದು ಕರಿ ಉಸುಕು.
ಆ ಕರಿಯೊಳಗೆ, ಗುಡ್ಡ ಮನಸ್ಸು ಮಾಡಿದ ದಿನ,
ಸಾಸಿವೆಯ ಕಾಲು ಭಾಗ ಹಳದಿ.
"ತೂಕ ಓಡಿಹೋಗೂದಿಲ್ಲ ಬಾಳಾ" ಎನ್ನುವಳು.
ಅಕ್ಷರ ಬಾರದವಳು;
ಸಾಪೇಕ್ಷ ಸಾಂದ್ರತೆ ಅವಳ ಮಣಿಕಟ್ಟಿನಲ್ಲಿತ್ತು.

ಪರೀಕ್ಷೆಗೆ ನನಗೆ ಬಂದದ್ದು ಬರೇ ಬಿಳಿಯದು.
ಪಕ್ಕದವಳು ಫೆಲ್ಸ್ಪಾರ್ ಎಂದು ಬರೆದಾಗಿತ್ತು.
ಚಾಕು ಸಲೀಸಾಗಿ ಇಳಿಯಿತು. ಆಸಿಡ್ಡಿಗೆ ನೊರೆಯಿಲ್ಲ.
ಕಣ್ಣು ಮುಚ್ಚಿ ಅಂಗೈಯಲ್ಲಿ ಕುಲುಕಿದೆ,
ಮರಿಗೆ ತಿರುವಿದ ಹಾಗೆ.
ಇಷ್ಟು ಬಿಳುಪಿಗೆ ಇಷ್ಟು ಭಾರವೇ?
ಬೆರೈಟ್, ಎಂದು ಬರೆದೆ.
ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, ಹೇಗೆ ಗೊತ್ತಾಯಿತು?
ಆಯಿ, ಎಂದುಬಿಟ್ಟೆ.
ಅವರು ಅದನ್ನು ಬರೆದುಕೊಳ್ಳಲಿಲ್ಲ.

ಎಲ್ಲ ಮುಗಿದ ಸಂಜೆ ದಾವಲಸಾಬ
ಕಪಾಟಿನ ಕೆಳಖಾನೆಯಿಂದ ಒಂದನ್ನು ತೆಗೆದ.
"ಇದಕ್ಕ ಮಾರ್ಕ್ಸ್ ಇಲ್ರಿ. ಬರೇ ನೋಡ್ರಿ."
ನಂಬರ್ ನಲವತ್ತೊಂದು.
ರಿಜಿಸ್ಟರಿನಲ್ಲಿ, ಜಾಲವಾಡಗಿ, ಗುಡ್ಡದ ಬುಡ.
ಹೆಸರಿನ ಕಾಲಂ ಖಾಲಿ.
ಕೆಳಗೆ ವರ್ಷಕ್ಕೊಂದು ಕೈಬರಹ:
ಒಬ್ಬ ಗಾರ್ನೆಟ್ ಎಂದು ಬರೆದು ಹೊಡೆದುಹಾಕಿದ್ದ,
ಒಬ್ಬಳು ಬರೇ ಪ್ರಶ್ನೆಚಿಹ್ನೆ.

ಬಣ್ಣ ಕಂದು. ಗೆರೆ ಅದಕ್ಕಿಂತ ಕಂದು.
ಚಾಕು ಗೀರಿತು, ಒಲ್ಲದ ಮನಸ್ಸಿನಿಂದ.
ಸೂಜಿ ಅದರ ಕಡೆ ತಿರುಗಲಿಲ್ಲ.
ಕಂಡದ್ದಷ್ಟನ್ನೂ ಬರೆದು
ಕಾಲಂ ಇದ್ದ ಹಾಗೇ ಬಿಟ್ಟೆ.

ಸವೆದಿದ್ದ ನಾಲ್ಕನ್ನೂ ಒಂದನ್ನೂ
ದಾವಲಸಾಬ ಸಣ್ಣ ಕುಂಚದಿಂದ ಮತ್ತೆ ತಿದ್ದಿದ,
ಕೆಮ್ಮು ಬಂದಾಗ ಕೈ ಎತ್ತಿ ಹಿಡಿದು.
"ಒಣಗೂತನಕ ಮುಟ್ಟಬ್ಯಾಡ್ರಿ" ಎಂದ.