ಮುಟ್ಟಬೇಡಿ

ತಾರ್ತು ಊರಿನ ಈ ಕೇರಿಯಲ್ಲಿ ಬೀದಿಗಳಿಗೆಲ್ಲ ತರಕಾರಿಯ ಹೆಸರು.
ಬಟಾಣಿ ಬೀದಿ ದಾಟಿ, ಹುರುಳಿಕಾಯಿ ಬೀದಿಯ ಮೂಲೆ,
ಮರದ ಮನೆಯ ಮೇಲಂತಸ್ತಿನಲ್ಲಿ ಹೆಲ್ವೆ.
ಹಗಲು ಪಿಯಾನೊಗಳಿಗೆ ಶ್ರುತಿ ಕೂಡಿಸುತ್ತಾಳೆ:
ಇಗರ್ಜಿಯದು, ಸಂಗೀತಶಾಲೆಯದು,
ಹೆಂಡತಿ ಹೋದ ಮೇಲೆ ಯಾರೂ ಮುಟ್ಟದ
ಹಲ್ಲಿನ ಡಾಕ್ಟರ ಮನೆಯದು.
ರಾತ್ರಿ, ಈ ಕಾರ್ಡು.

ಕಾರ್ಡು ತಂದುಕೊಟ್ಟವನು ನಾನು.
ನನ್ನ ಶಾಲೆಯ ಹದಿನಾಲ್ಕು ಕಂಪ್ಯೂಟರುಗಳಲ್ಲಿ
ಒಂದರ ಹೊಟ್ಟೆಯಿಂದ ಕಿತ್ತು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದ್ದೆ.
"ಉಣ್ಣೆಯಾ? ಮಿಂಚಿನಲ್ಲಿ ಸುತ್ತಿ ತಂದಿದ್ದೀಯ" ಎಂದು ಬೈದಳು.

ಕಂಪನಿಗೆ ಮೂರು ಸಲ ಬರೆದಿದ್ದೆ.
ಆ ಮಾದರಿಗೆ ನಮ್ಮ ಬೆಂಬಲ ಮುಗಿದಿದೆ,
ಲಿನಕ್ಸಿಗಂತೂ ಎಂದೂ ಇರಲಿಲ್ಲ,
ಹೊಸದನ್ನು ಕೊಳ್ಳಲು ಕೆಳಗೆ ಒತ್ತಿ.
ಕೈಪಿಡಿಯನ್ನಾದರೂ ಕೊಡಿ ಎಂದೆ.
ಆಗಲ್ಲ ಎಂದವರಿಗೆ ಹೆಸರೇ ಇರಲಿಲ್ಲ.

ಚಿತ್ರ ಬರುತ್ತಿತ್ತು, ಸುಳ್ಳು ಹೇಳಬಾರದು.
ಆದರೆ ಕಾರ್ಡು ಎದ್ದ ವೇಗದಲ್ಲೇ ಉಳಿದುಬಿಡುತ್ತಿತ್ತು,
ಹಾಸಿಗೆಯಿಂದ ಎದ್ದವರು ಹೊಸ್ತಿಲಲ್ಲೇ ತೂಕಡಿಸಿದ ಹಾಗೆ.
ಮಕ್ಕಳು ಭೂಗೋಳ ತಿರುಗಿಸಿದರೆ
ಆಫ್ರಿಕಾ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಒಳಗೆ ಸಾವಿರಾರು ಮನೆ. ಪ್ರತಿ ಮನೆಗೂ ಸಂಖ್ಯೆ ಉಂಟು,
ಬಾಗಿಲಲ್ಲಿ ಹೆಸರಿಲ್ಲ.
ಯಾವುದರಲ್ಲಿ ಯಾವ ಅಂಕಿ ಇಟ್ಟರೆ ಏನಾದೀತು
ಮಾಡಿದವರಿಗೆ ಗೊತ್ತು,
ಮಾಡಿದವರ ಬಾಯಿಗೆ ವಕೀಲರ ಹೊಲಿಗೆ.
ಹೆಲ್ವೆ ಒಂದೊಂದೇ ಬಾಗಿಲು ಬಡಿದಳು.
ಏಳು ಇಟ್ಟಳು, ಪರದೆ ಹಸಿರಾಯಿತು.
ಒಂಬತ್ತು ಇಟ್ಟಳು, ಪರದೆ ಸತ್ತಿತು.
ಸ್ವರ ಬರೆಯುವ ಪುಸ್ತಕದಲ್ಲಿ, ಐದೈದು ಗೆರೆಗಳ ನಡುವೆ,
ಸೀಸದಕಡ್ಡಿಯಲ್ಲಿ ಗುರುತು ಹಾಕಿಕೊಂಡಳು.
"ಮತ್ತೆ ಸತ್ತಿತು" ನೂರಾ ಹದಿನೇಳು ಸಲ ಇದೆ.
ಎಣಿಸಿದ್ದೇನೆ.

ಫೆಬ್ರವರಿ. ಎಮಯೋಗಿ ಹೊಳೆ ಗಟ್ಟಿಯಾಗಿತ್ತು.
ನಾನು ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದೆ.
"ಸುಮ್ಮನಿರು" ಎಂದಳು.
ಸುಮ್ಮನೇ ಇದ್ದೆನಲ್ಲ!
"ಚಾಕು."
ಚಾಕು ಕೆಳಗಿಟ್ಟೆ.
ಆಗ ನನಗೂ ಕೇಳಿಸಿತು, ಅಥವಾ ಕೇಳಿಸಿತೆಂದುಕೊಂಡೆ,
ಕಾರ್ಡಿನ ತಾಮ್ರದ ಸುರುಳಿಯಿಂದ
ಸೊಳ್ಳೆಗಿಂತ ಸಣ್ಣದೊಂದು ದನಿ.
ನಾಲ್ಕು-ಬಿ ಮನೆಯ ಅಂಕಿ ಬದಲಿಸಿದಳು. ಅದೇ ದನಿ.
ನಾಲ್ಕು-ಸಿ.
ಅರ್ಧ ಸ್ವರ ಮೇಲೇರಿತು.

ಪರದೆಯ ಮೇಲೆ ಏನೂ ಆಗಲಿಲ್ಲ.
ಅವಳು ಪರದೆಯನ್ನು ನೋಡಲೂ ಇಲ್ಲ.
ಶ್ರುತಿಯ ಉಕ್ಕಿನ ಕವೆಯನ್ನು ಮೊಣಕಾಲಿಗೆ ಬಡಿದು
ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದಳು.
"ಗಡಿಯಾರ ಇಲ್ಲೇ ಇದೆ.
ಬೀಗ ಹಾಕಿದ್ದಾರೆ ಪುಣ್ಯಾತ್ಮರು,
ಗುನುಗುವುದನ್ನು ನಿಲ್ಲಿಸಲು ಮರೆತಿದ್ದಾರೆ."

ಬೆಳಗಿನ ಜಾವ ನಾಲ್ಕಕ್ಕೆ ಭೂಗೋಳ ತಿರುಗಿತು, ಬುಗುರಿಯ ಹಾಗೆ:
ಆಫ್ರಿಕಾ, ಸಮುದ್ರ, ಸಮುದ್ರ, ಮತ್ತೆ ಆಫ್ರಿಕಾ.
ರೊಟ್ಟಿ ಒಣಗಿತ್ತು. ತಿಂದೆವು.

ಆರು ವರ್ಷದ ಮೇಲೆ ಕಂಪನಿ ಕೈಪಿಡಿಯನ್ನು ಹೊರಗೆ ಬಿಟ್ಟಿತು.
ಒಂಬೈನೂರು ಪುಟ. ಎಂಥ ಔದಾರ್ಯ ಎಂದರು ಪತ್ರಿಕೆಯವರು.
ಆ ಹೊತ್ತಿಗೆ ನಮ್ಮ ಹದಿನಾಲ್ಕರಲ್ಲಿ ಉಳಿದದ್ದು ಮೂರು.
ನಾಲ್ಕು-ಸಿ ಮನೆಯ ಸಾಲು ಹುಡುಕಿ ಅವಳ ಮುಂದಿಟ್ಟೆ.
"ಕಾದಿರಿಸಿದೆ. ಮುಟ್ಟಬೇಡಿ.
ಕಾರಣ ತಿಳಿದಿಲ್ಲ; ಹಿಂದಿನ ತಂಡವನ್ನು ಕೇಳುವುದು."

ಕೆಮ್ಮು ಬರುವಷ್ಟು ನಕ್ಕಳು.
ಹಿಂದಿನ ತಂಡ! ಅವರಲ್ಲೊಬ್ಬ ಈಗ
ಹ್ಸಿಂಚುವಿನಲ್ಲೋ ಎಲ್ಲೋ ನೂಡಲ್ಸು ಬೇಯಿಸುತ್ತಿರಬಹುದು,
ತಾನು ಹಾಕಿದ ಬೀಗದ ನೆನಪೂ ಇಲ್ಲದೆ.
"ಇಷ್ಟು ವರ್ಷ ಬಾಗಿಲು ಕಾದರಲ್ಲ," ಎಂದಳು ಕಣ್ಣೊರೆಸಿಕೊಂಡು,
"ಒಳಗೆ ಯಾರಿದ್ದಾರೆ ಅಂತ ಅವರಿಗೇ ಗೊತ್ತಿರಲಿಲ್ಲ."

ಹೊಸ ಕಾರ್ಡು ಮೇಜಿನ ಮೇಲಿದೆ.
ಕಂಪನಿಯ ಸಹಿಯಿಲ್ಲದ ಮಾತನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ.
ಗುನುಗುವುದೂ ಇಲ್ಲ: ಈ ಸಲ ಸುರುಳಿಗೆ ಅಂಟು ಸುರಿದಿದ್ದಾರೆ.
ಹೆಲ್ವೆ ಬಗ್ಗಿ, ನರೆಗೂದಲು ಹಿಂದಕ್ಕೆ ಸರಿಸಿ,
ಕಿವಿ ಇಟ್ಟಿದ್ದಾಳೆ.

ನಾನು ಚಾಕು ಕೆಳಗಿಟ್ಟಿದ್ದೇನೆ.