ಎಂಟು, ಒಂದು

ಹತ್ತು ವರ್ಷಕ್ಕೊಮ್ಮೆ ಬಾಗಿಲು ತಟ್ಟುವ ಗಣತಿಯವನಿಗೆ
ಏಳೇ ವರ್ಷ ಕೂಡಿಸಿ ಹೇಳುತ್ತಿದ್ದಳು ಓನೋರಾ.
ಸಾವಿರದೆಂಟುನೂರ ಅರವತ್ತರಲ್ಲಿ ಇಪ್ಪತ್ತನಾಲ್ಕು,
ಎಪ್ಪತ್ತರಲ್ಲಿ ಮೂವತ್ತೊಂದು,
ಎಂಬತ್ತರಲ್ಲಿ ಮೂವತ್ತೆಂಟು.
ತೊಂಬತ್ತರ ಕಾಗದ ಬೆಂಕಿಗೆ ಹೋಯಿತಂತೆ.
ಆ ವರ್ಷದ ಅವಳ ವಯಸ್ಸನ್ನು
ಬೂದಿಯನ್ನೇ ಕೇಳಬೇಕು.

ಹೆಸರಂತೂ ಬರೆಯುವವನ ಕಿವಿಗೆ ಬಿದ್ದಷ್ಟು:
ಗೆರಟಿ, ಗ್ಯಾರಿಟಿ, ಗೆರ್ಟಿ, ಒಮ್ಮೆ ಬರೀ ಗ್ಯಾರಿ.
ಓದು ಬಾರದು, ಬರಹ ಬಾರದು
ಎಂಬ ಎರಡು ಖಾನೆಗಳಲ್ಲಿ ಮಾತ್ರ
ಪ್ರತಿ ಸಲವೂ ತಪ್ಪದ ಗೀಟು.
ಹುಟ್ಟಿದ್ದು: ಐರ್ಲೆಂಡ್.
ಊರು ಕೇಳುವ ಖಾನೆಯೇ ಇಲ್ಲ.
ಇಡೀ ದ್ವೀಪದಲ್ಲಿ ಎಲ್ಲಿ ಹುಡುಕಲಿ
ಇವಳು ಆರಿಸಿ ಬಂದ ಒಲೆ?

ಮೂವತ್ತೆರಡು ಚಳಿಗಾಲ ಟ್ರಾಯ್ ಪಟ್ಟಣದಲ್ಲಿ
ಹಿಮ ದೂಡುವ ಲಾರಿ ಓಡಿಸಿದವನು ನಾನು.
ಬೀದಿ ಮುಚ್ಚಿಹೋದರೆ ದೀಪದ ಕಂಬ ನೋಡಿ
ಇಲ್ಲೇ ಇರಬೇಕೆಂದು ಅಂದಾಜು ಹಾಕಬಲ್ಲೆ.
ಈಗಲೂ ಅದೇ ಕೆಲಸ, ಬಿಳಿ ಮಾತ್ರ ಕಾಗದದ್ದು.

ಕಂಬದ ಹಾಗೆ ಸಿಕ್ಕವಳು ಡೀಲಿಯಾ ಸ್ಕಾಹಿಲ್.
ಪ್ರತಿ ಗಣತಿಯಲ್ಲೂ ಅದೇ ಮನೆ, ಕೊನೆಯ ಸಾಲು.
ಬಾಡಿಗೆಯವಳು. ಅವಿವಾಹಿತೆ. ಕಾಲರ್ ಲಾಂಡ್ರಿಯಲ್ಲಿ ಇಸ್ತ್ರಿ.
ನಡುವೆ ಓನೋರಾಳ ಗಂಡ ಕಾಲುವೆಯಲ್ಲಿ ಕಳೆದುಹೋದ,
ಬೀದಿ ಬದಲಾಯಿತು, ಮನೆ ನಂಬರು ಬದಲಾಯಿತು,
ಕೊನೆಯ ಸಾಲು ಬದಲಾಗಲಿಲ್ಲ.
ಅದರ ಕೆಳಗೆ, ಎಪ್ಪತ್ತರಲ್ಲಿ, ಇನ್ನೊಂದು:
ಫೆಸ್ಟಸ್ ಸ್ಕಾಹಿಲ್, ವಯಸ್ಸು ಒಂದು.
ಎಂಬತ್ತರಲ್ಲಿ ಅದೇ ಫೆಸ್ಟಸ್, ಹನ್ನೊಂದು, ಗೆರಟಿ,
ಓನೋರಾಳ ಮಗ.

ಫೆಸ್ಟಸ್ ನನ್ನ ಮುತ್ತಜ್ಜ.

ಸ್ಮಶಾನದ ಕಚೇರಿಯಲ್ಲಿ ಲೋರೇನ್ ಎಂಬಾಕೆ
ಕೆಮ್ಮಿನ ಮಿಠಾಯಿ ಚೀಪುತ್ತ ದಫ್ತರ ತೆರೆದಳು.
ಪೆನ್ಸಿಲ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ ಎಂದಳು.
ಗೆರಟಿ ಕೂಸು, ಮೂರು ದಿನ.
ಗೆರಟಿ ಕೂಸು, ಎರಡು ತಿಂಗಳು, ಕೆಮ್ಮು.
ಮೇರಿ ಎಲನ್, ಒಂದೂವರೆ ವರ್ಷ.
ಹೀಗೆ ಎಂಟು.
ಪೆನ್ಸಿಲ್ ಕೆಳಗಿಟ್ಟು ಮತ್ತೆ ಎಣಿಸಿದೆ. ಎಂಟು.

ಆಮೇಲೆ ಓನೋರಾ, ಸಾವಿರದ ಒಂಬೈನೂರ ನಾಲ್ಕು,
ಸುಮಾರು ಎಪ್ಪತ್ತು.
ಮುಚ್ಚಿಟ್ಟ ವರ್ಷಗಳೆಲ್ಲ ಒಂದೇ ದಿನ ಬಂದು ಸೇರಿದ್ದವು.
ಹಣ ಕಟ್ಟಿದವರು: ಡಿ. ಸ್ಕಾಹಿಲ್, ನಾಲ್ಕೂವರೆ ಡಾಲರ್.
ಏಳು ವರ್ಷದ ಮೇಲೆ ಅದೇ ಗುಂಡಿ, ಮೇಲಿನ ಪದರ:
ಡೀಲಿಯಾ. ಸಂಬಂಧ: ಸ್ನೇಹಿತೆ.
ಹಣ ಕಟ್ಟಿದವನು ಫೆಸ್ಟಸ್.
ಕಲ್ಲು ಇಲ್ಲ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಸಾವಿರದ ಒಂಬೈನೂರರ ಗಣತಿ ಹರಡಿಕೊಂಡೆ.
ಆ ವರ್ಷ ಹೊಸ ಪ್ರಶ್ನೆ ಕೇಳಿದ್ದರು ಹೆಂಗಸರಿಗೆ:
ಹೆತ್ತ ಮಕ್ಕಳೆಷ್ಟು? ಉಳಿದವೆಷ್ಟು?
ಓನೋರಾ: ಎಂಟು, ಒಂದು.
ಡೀಲಿಯಾಳ ಎದುರು ಖಾನೆ ಖಾಲಿ,
ಮದುವೆಯಾಗದವಳನ್ನು ಯಾರು ಕೇಳುತ್ತಾರೆ.

ಎಂಟು ಹೆತ್ತು ಎಂಟನ್ನೂ ಹೂತವಳಿಗೆ
ಒಂದು ಉಳಿಯುವುದು ಹೇಗೆ?
ಬರೆದವನು ಕೂಡಿ ಕಳೆದು ನೋಡಲಿಲ್ಲ.
ಅವಳು ಸುಳ್ಳು ಹೇಳಿದಳೆಂದೂ ನನಗನ್ನಿಸುವುದಿಲ್ಲ.
ಬಾಗಿಲಲ್ಲಿ ನಿಂತು, ಒದ್ದೆ ಕೈ ಒರೆಸಿಕೊಂಡು,
ಒಳಗೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು ಕೇಳಿ,
ಒಂದು, ಎಂದಿರಬೇಕು.

ಫೆಸ್ಟಸ್ ಆ ಗೇಟು ದಾಟುವಾಗ
ಎರಡು ಸಲ ಟೋಪಿ ಎತ್ತುತ್ತಿದ್ದನೆಂದು ಅಪ್ಪ ಹೇಳುತ್ತಿದ್ದ.
ಮುದುಕನ ಮರೆವು ಎಂದು ನಗುತ್ತಿದ್ದರಂತೆ.

ಉಗುಳು ಕಳಿಸು, ಆರು ವಾರಕ್ಕೆ ಗೊತ್ತಾಗುತ್ತದೆ,
ಹೆತ್ತವಳು ಯಾರು ಹೊತ್ತವಳು ಯಾರು
ಎನ್ನುತ್ತಾಳೆ ತಂಗಿ ಬರ್ನಡೀನ್.
ಅವಳು ಕೊಟ್ಟ ಕೊಳವೆ ಪೆಟ್ಟಿಗೆ ಸಮೇತ
ಟೈರಿನ ರಸೀದಿಗಳ ಡ್ರಾಯರಿನಲ್ಲಿದೆ.

ನಿನ್ನೆ ಕಲ್ಲು ಕೆತ್ತುವವನ ಬಳಿ ಹೋಗಿದ್ದೆ.
ಅಕ್ಷರಕ್ಕೆ ಹದಿನಾಲ್ಕು ಡಾಲರ್, ಗೀಟಿಗೆ ದುಡ್ಡಿಲ್ಲ.
ಕಾಗುಣಿತ ನೋಡಿ ಹೇಳಿ, ಕೆತ್ತಿದ ಮೇಲೆ ತಿದ್ದಲಾಗದು ಎಂದ.
ಗೆರಟಿಯ ಒಂದೊಂದೇ ಅಕ್ಷರ ಹೇಳಿದೆ,
ನಿಧಾನ, ಅವಳೂ ಕೇಳಿಸಿಕೊಳ್ಳಲೆಂಬಂತೆ.
ಇವರಲ್ಲಿ ನಿಮಗೆ ಅಜ್ಜಿ ಯಾರು,
ಆ ಹೆಸರು ಮೇಲೆ ಹಾಕೋಣ ಎಂದ.
ಚೀಟಿ ವಾಪಸು ಇಸಿದುಕೊಂಡೆ.
ಒಂದೇ ಸಾಲಿನಲ್ಲಿ ಎರಡೂ ಹಿಡಿಯುವ ಹಾಗೆ
ಅಗಲದ ಕಲ್ಲಿಗೆ ಎಷ್ಟಾಗುತ್ತದೆ, ಕೇಳಿದೆ.